1000 ಗಜಕ್ಕೆ ಹತ್ತರ ರಿಂಗ್ 20 ಇಂಚು ಅಂದ್ರೆ ಸುಲಭವಾ?

ತೀರ್ಥಹಳ್ಳಿಯಿಂದ: ನನ್ನ ತಮ್ಮನ ಮಗ ಇಲ್ಲಿದ್ದಾಗ ರೈಫಲಿನಲ್ಲಿ 50 ಮೀಟರ್ ಪ್ರೋನ್ (ಹೊಟ್ಟೆ ಮೇಲೆ ಮಲಗಿ ಗುರಿಗೆ ಹೊಡೆಯೋದು) ಹೊಡೆಯುತ್ತಿದ್ದ. ಈಗ ಅಮೆರಿಕದಲ್ಲಿ ಓದುತ್ತಿದ್ದಾನೆ, ಅಲ್ಲಿ 1000 ಗಜದ ಸ್ಪರ್ಧೆಗೆ ಇಳಿಯುವ ಆಸೆ. ಗುರಿಹಲಗೆಯ ಹತ್ತರ ರಿಂಗ್ (ಹತ್ತು ಅಂಕದ ವೃತ್ತ) ಇಲ್ಲಿ 10.4 ಮಿ.ಮೀ. ಅಗಲ, ಅಲ್ಲಿ 20 ಇಂಚಂತೆ! ಸುಲಭ ಅಲ್ವಾ? ಸ್ಲಿಂಗ್ (ರೈಫಲನ್ನು ಪಟ್ಟಿಯಿಂದ ತೋಳಿಗೆ ಬಿಗಿದು ಹೊಡೆಯೋದು) ಒಳ್ಳೆಯದೋ, ಎಫ್-ಕ್ಲಾಸೋ (ರೈಫಲನ್ನು ಆಸರೆಯ ಮೇಲಿಟ್ಟು ಹೊಡೆಯೋದು)? ಗೊತ್ತಿದ್ದವರು ಹೇಳಿ.

ಸಾಗರದಿಂದ: ಸುಮ್ನೆ ಇಂಚು ನೋಡಬೇಡಿ ಮಾರಾಯ್ರೆ, ದೂರದ ಜೊತೆ ಇಟ್ಟು ನೋಡಿ. ಅದಕ್ಕೇ ಎಂಒಎ ಲೆಕ್ಕ ಇರೋದು, ಅಂದರೆ ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು ಪಾಲು. ಅದು 50 ಮೀಟರಿಗೆ ಸುಮಾರು 14.5 ಮಿ.ಮೀ., 1000 ಗಜಕ್ಕೆ ಸುಮಾರು 10.5 ಇಂಚು. ಹಾಗಾಗಿ 20 ಇಂಚು ಅಂದರೆ 1.9 ಎಂಒಎ, ನಮ್ಮ 10.4 ಮಿ.ಮೀ. ಬರೀ 0.7. ಆದರೆ 50 ಮೀಟರಿನಲ್ಲಿ ಗುಂಡಿನ ಅಂಚು ಗೆರೆಗೆ ತಾಗಿದರೂ ಹತ್ತು, ಗುಂಡೇ 5.6 ಮಿ.ಮೀ. ದಪ್ಪ, ಅದರ ನಡು 16 ಮಿ.ಮೀ. ಒಳಗೆ ಬಿದ್ದರೆ ಸಾಕು, ಅಲ್ಲಿಗೆ 1.1 ಆಯಿತು. 1000 ಗಜದಲ್ಲಿ ಗುಂಡಿನ ದಪ್ಪದಿಂದ ಅಂಥಾ ಲಾಭ ಏನೂ ಇಲ್ಲ.

ಕೊಪ್ಪದಿಂದ: ಲೆಕ್ಕ ಸರಿ, ಆದರೆ ಗಾಳಿ ಬಿಟ್ಟರಲ್ಲ! ನಾನು ಹೊರದೇಶದಲ್ಲಿ ಕೆಲಸದಲ್ಲಿದ್ದಾಗ .308 ಅಳತೆಯ ಗುಂಡಿನ ರೈಫಲಿನಲ್ಲಿ ಹೊಡೆದಿದ್ದೇನೆ. ಗಂಟೆಗೆ ಒಂದೇ ಮೈಲಿಯ ಅಡ್ಡಗಾಳಿ 1000 ಗಜದಲ್ಲಿ ಗುಂಡನ್ನು ಸುಮಾರು 9 ಇಂಚು ತಳ್ಳುತ್ತದೆ. ಸ್ಲಿಂಗಿನ ಹತ್ತರಲ್ಲಿ ನಡುವಿನಿಂದ ಗೆರೆಗೆ 10 ಇಂಚು, ಹೇಗೋ ಉಳಿದುಕೊಳ್ಳುತ್ತೀರಿ. ಎಫ್-ಕ್ಲಾಸಿನಲ್ಲಿ ಹತ್ತರ ರಿಂಗೇ 10 ಇಂಚು, ಅಂದರೆ ನಡುವಿನಿಂದ ಐದೇ, ಅದೇ ಗುಂಡು ಒಂಬತ್ತಕ್ಕೆ ಹೋಯಿತು. ಅವರ ಒಂಬತ್ತೇ ಸ್ಲಿಂಗಿನವರ ಹತ್ತು. ಅದಕ್ಕೇ ಎರಡರ ಸ್ಕೋರ್ ಹೋಲಿಸಬಾರದು. ಗುಂಡು ದಾರಿಯಲ್ಲಿ ಹತ್ತಡಿಗಿಂತ ಮೇಲೆ ಏರಿ ಇಳಿಯುತ್ತದೆ ಬೇರೆ, ಅಲ್ಲಿನ ಗಾಳಿ ಕೆಳಗಿನ ಹಾಗೇ ಇರಬೇಕೆಂದಿಲ್ಲ. ತೋಟದಲ್ಲಿ ನೋಡಿಲ್ವಾ, ಅಡಿಕೆ ಮರದ ತುದಿ ತೂಗುತ್ತಿದ್ದರೂ ಬುಡದಲ್ಲಿ ಒಂದೆಲೆ ಅಲ್ಲಾಡಲ್ಲ.

ಪ್ರೋನ್ ಹುಡುಗ ಅಲ್ವಾ, ಸ್ಲಿಂಗೇ ಹಿಡಿಯಲಿ. ಜಾಕೆಟ್, ಸ್ಲಿಂಗ್, ಉಸಿರಿನ ಅಭ್ಯಾಸ ಎಲ್ಲಾ ಹಾಗೇ ಉಪಯೋಗಕ್ಕೆ ಬರುತ್ತದೆ.

ಹೊಸನಗರದಿಂದ: ನಮ್ಮ ಕೇಪಿನ ಕೋವಿಗೆ ಈ ರಗಳೆ ಇಲ್ಲ, ಸದ್ದಿಗೆ ಮಂಗ ಓಡಿದರೆ ಹತ್ತು 😄

ಸಾಗರದಿಂದ: ನಾನಾದರೆ ಎಫ್-ಟಿಆರ್ ಅಂತೀನಿ, ಅದು ಎಫ್-ಕ್ಲಾಸಿನದೇ ಒಂದು ವಿಭಾಗ. ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ರೈಫಲ್ ಅಲ್ಲಾಡದೆ ನಿಂತರೆ, ತಪ್ಪಿದ್ದು ಗಾಳಿಯಿಂದಲೋ ಕೈಯಿಂದಲೋ ಬೇಗ ಗೊತ್ತಾಗುತ್ತದೆ. ಆದರೆ ಅದರಲ್ಲಿ .223 ಅಥವಾ .308 ಅಳತೆಯ ಗುಂಡು ಮಾತ್ರ ನಡೆಯುತ್ತದೆ. ಇನ್ನೊಂದು, ಬ್ರಿಟನ್ ಕಡೆಯ ಸ್ಕೋರ್ ಓದುವಾಗ ಜಾಗ್ರತೆ, ಅಲ್ಲಿ ಒಂದು ಹೊಡೆತಕ್ಕೆ ಜಾಸ್ತಿ ಅಂದರೆ ಐದು, ನಡುವಿನ ರಿಂಗಿಗೆ ವಿ ಅಂತಾರೆ.