ಆ ಐನೂರರ ನೋಟಿನ ವಿಷಯ

ಪುಟ್ಟಾ, ಮಧ್ಯಾಹ್ನ ನಿದ್ದೆ ಮುಗಿಸಿ ಎದ್ದು ನೋಡಿದರೆ ಗುಂಪಿನಲ್ಲಿ ನಲವತ್ತು ಮೆಸೇಜು. ನನಗೆ ಟೈಪ್ ಮಾಡಿ ಅಭ್ಯಾಸವಿಲ್ಲ, ಬಾಯಲ್ಲಿ ಹೇಳುತ್ತಿದ್ದೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆದರೆ ಬೈಯಬೇಡಿ.

ಪೇಟೆ ಬೀದಿಯ ನಿನ್ನ ಅಂಗಡಿಗೆ ಬಂದಿದ್ದ ಐನೂರರ ನೋಟನ್ನು ಬ್ಯಾಂಕಿನಲ್ಲಿ ಖೋಟಾ ಅಂತ ಮುದ್ರೆ ಒತ್ತಿ ಇಟ್ಟುಕೊಂಡರು, ಬದಲಿ ದುಡ್ಡು ಕೊಡಲಿಲ್ಲ, ಒಂದು ಚೀಟಿ ಕೊಟ್ಟು ಕಳಿಸಿದರು. ಅದಕ್ಕೆ ನೀನು, "ಇನ್ನೊಂದು ಸಲ ಸಿಕ್ಕರೆ ಸಂತೆಯಲ್ಲಿ ದಾಟಿಸಿಬಿಡುತ್ತೇನೆ ಮಾವ" ಅಂತ ಬರೆದಿದ್ದೀಯ. ನಿಮ್ಮಪ್ಪ ಅದಕ್ಕೆ ನಗುವ ಮುಖ ಬೇರೆ ಹಾಕಿದ್ದಾರೆ.

ಮೊದಲು ಅಕ್ಕನಿಗೆ ಹೇಳು, ಹೆದರುವಂಥದ್ದು ಏನೂ ಇಲ್ಲ. ಗೊತ್ತಿಲ್ಲದೆ ಕೈಗೆ ಬಂದ ಖೋಟಾ ನೋಟು ಅಪರಾಧವಲ್ಲ. ಒಂದು ಸಲಕ್ಕೆ ನಾಲ್ಕು ನೋಟಿನವರೆಗೆ ಸಿಕ್ಕರೆ ಬ್ಯಾಂಕಿನಿಂದ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟಿಗೆ ವರದಿ ಹೋಗುತ್ತದೆ. ಐದು ಅಥವಾ ಜಾಸ್ತಿ ಆದರೆ ಎಫ್‌ಐಆರ್. ಆ ಚೀಟಿ ಜೋಪಾನವಾಗಿಡು. ಬ್ಯಾಂಕಿನವರ ಮೇಲೆ ಸಿಟ್ಟೂ ಬೇಡ. ನೋಟನ್ನು ನಿನಗೆ ವಾಪಸ್ ಕೊಟ್ಟರೆ, ಬ್ಯಾಂಕೇ ಬೇಕೆಂದು ಇದರಲ್ಲಿ ಸೇರಿಕೊಂಡಿದೆ ಅಂತ ರಿಸರ್ವ್ ಬ್ಯಾಂಕ್ ಹಿಡಿಯುತ್ತದೆ.

ಬದಲಿ ಯಾಕೆ ಕೊಡಬಾರದು ಅಂತ ಕೇಳಿದ್ದೀಯ. ಕೊಟ್ಟರೆ ಖೋಟಾ ಅಚ್ಚು ಹಾಕುವವನು ಬೀದಿ ಬೀದಿ ಅಲೆಯಬೇಕಾಗಿಯೇ ಇಲ್ಲವಲ್ಲ! ಯಾರದೋ ಕೈಲಿ ಬ್ಯಾಂಕಿಗೆ ಕಳಿಸಿದರೆ ಒಳ್ಳೇ ನೋಟು ಬಂದುಬಿಡುತ್ತದೆ. ಸರ್ಕಾರವೇ ಅವನಿಗೆ ಕಾಯಂ ಗಿರಾಕಿ. ನಿಯಮ ಸರಿಯೇ. ಆದರೆ ಅದರಿಂದ ಒಂದು ಎಡವಟ್ಟೂ ಆಗುತ್ತದೆ. ನಿಯತ್ತಾಗಿ ತಂದುಕೊಟ್ಟವನಿಗೆ ಐನೂರು ಹೋಯಿತು, ಸುಮ್ನೆ ಬೇರೆಯವರಿಗೆ ದಾಟಿಸಿದವನಿಗೆ ಏನೂ ಹೋಗಲಿಲ್ಲ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತ ಅಷ್ಟೂ ವರ್ಷ ಇದನ್ನು ನೋಡಿದ್ದೇನೆ. ನಾನು ಮುದ್ರೆ ಒತ್ತಲು ಕೈ ಎತ್ತಿದರೆ ಸಾಕು, ನೋಟು ಕಿತ್ತುಕೊಳ್ಳಲು ಬರುತ್ತಿದ್ದರು.

ದಾಟಿಸುವವನು ಯಾರ ಹತ್ತಿರ ಹೋಗುತ್ತಾನೆ ಹೇಳು. ಬೆಳಕಿಗೆ ಹಿಡಿದು ನೋಡುವ ಚಿನ್ನದಂಗಡಿಗಂತೂ ಅಲ್ಲ. ಸಂಜೆ ಏಳರ ಮೇಲೆ, ಮಬ್ಬುಗತ್ತಲಲ್ಲಿ ಸೊಪ್ಪಿನ ಗುಡ್ಡೆ ಮುಂದೆ ಕೂತ ಅಜ್ಜಿ ಹತ್ತಿರ. ಇಪ್ಪತ್ತು ರೂಪಾಯಿ ಸೊಪ್ಪು ಕೊಟ್ಟು ನಾನೂರ ಎಂಬತ್ತು ಚಿಲ್ಲರೆ ಎಣಿಸುತ್ತಾಳೆ. ಸೊಪ್ಪೂ ಹೋಯಿತು, ಆ ದಿನದ ವ್ಯಾಪಾರವೂ ಹೋಯಿತು. ನಿನ್ನ ಐನೂರು ರೂಪಾಯಿ ನಷ್ಟ ಎಲ್ಲೂ ಕರಗಿಲ್ಲ, ಅವಳ ಮಡಿಲಿಗೆ ಬಿದ್ದಿದೆ, ಅಷ್ಟೇ ಅಲ್ವಾ? ಇನ್ನು ಗೊತ್ತಿದ್ದೂ ದಾಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ. ಶಿಕ್ಷೆ ಜೀವಾವಧಿವರೆಗೂ ಹೋಗಬಹುದು. ನಿಮ್ಮಪ್ಪನಿಗೂ ಓದಿ ಹೇಳು.

ನಾನೇ ಎರಡು ಸಲ ಕೈಯಿಂದ ಕಟ್ಟಿದ್ದೇನೆ. ಮಾರ್ಚ್ ತಿಂಗಳ ರಶ್ಶು, ಕಣ್ಣು ತಪ್ಪಿ ತಗೊಂಡುಬಿಟ್ಟಿದ್ದೆ. ಸಂಜೆ ಲೆಕ್ಕ ಮುಗಿಸುವಾಗ ಸಿಕ್ಕಿತು. ನಿಮ್ಮತ್ತೆಗೆ ಹೇಳಿರಲಿಲ್ಲ. ಈಗ ಗುಂಪಿನಲ್ಲಿ ಓದಿ ತಿಳಿದುಕೊಳ್ಳುತ್ತಾಳೆ.

ಹಾಗಂತ ಪ್ರತಿ ನೋಟಿಗೂ ಬೆಚ್ಚಬೇಡಿ. 2024-25ರಲ್ಲಿ ದೇಶದ ಬ್ಯಾಂಕುಗಳಲ್ಲಿ ಸಿಕ್ಕ ಖೋಟಾ ನೋಟು ಸುಮಾರು 2 ಲಕ್ಷ 17 ಸಾವಿರ. ಅದರಲ್ಲಿ ಐನೂರರದ್ದೇ 1 ಲಕ್ಷ 17 ಸಾವಿರಕ್ಕೂ ಜಾಸ್ತಿ. ಚಲಾವಣೆಯಲ್ಲಿರುವ ಐನೂರರ ನೋಟು ಆರು ಸಾವಿರ ಕೋಟಿಗೂ ಮೇಲೆ. ಅಂದರೆ ಐದು ಲಕ್ಷಕ್ಕೆ ಒಂದರಷ್ಟು. ಆದರೆ ಇದು ಬ್ಯಾಂಕಿಗೆ ಬಂದು ಸಿಕ್ಕಿಬಿದ್ದ ಲೆಕ್ಕ. ಅಜ್ಜಿಯ ಕೈಗೆ ಹೋಗಿ, ಅವಳು ಅತ್ತು ಒಲೆಗೆ ಹಾಕಿದ್ದು ಇದರಲ್ಲಿ ಬರುವುದಿಲ್ಲ.

ನೋಡುವುದು ಹೇಗೆ ಅಂದರೆ, ಮೊದಲು ಕೈಗೆ ಗೊತ್ತಾಗಬೇಕು. ನೋಟಿನ ಕಾಗದ ಹತ್ತಿಯದ್ದು. ನಮ್ಮ ಮೈಸೂರಿನಲ್ಲೇ 1996ರಿಂದ ನೋಟು ಅಚ್ಚಾಗುತ್ತಿದೆ, ಆಮೇಲೆ ಆ ಕಾಗದದ ಕಾರ್ಖಾನೆಯೂ ಇಲ್ಲೇ ಬಂತು. ಸವರಿದರೆ ಗಾಂಧೀಜಿ ಚಿತ್ರ ತುಸು ಉಬ್ಬಿರಬೇಕು. ಎಡಬಲ ಅಂಚಿನಲ್ಲಿ ಐದೈದು ಓರೆ ಗೆರೆ. ವಾಲಿಸಿದರೆ ದಾರದ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಅತ್ತಿಗೆ ಕಳಿಸಿದ ಫಾರ್ವರ್ಡ್ ಇದೆಯಲ್ಲ, ನಂಬರಿನಲ್ಲಿ ನಕ್ಷತ್ರ ಇದ್ದರೆ ಖೋಟಾ ಅಂತ, ಅದು ಸುಳ್ಳು. ಅಚ್ಚಿನಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ಸೇರಿಸುವ ಅಸಲಿ ನೋಟು ಅದು.

ಇನ್ನು ನಿನ್ನ ಚಿಕ್ಕಮ್ಮ. ಎರಡು ಸಾವಿರಕ್ಕೆ "ಮೈಸೂರು ಸಿಲ್ಕ್" ತಗೊಂಡೆ, ಇದರಲ್ಲಿ ಯಾರಿಗೆ ಮೋಸ ಅಂತ ಕೇಳಿದ್ದಾಳೆ. ಅವಳಿಗೆ ಆಗಿಲ್ಲ. ಆ ರೇಟಿಗೆ ಅಸಲಿ ಬರೋದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಖೋಟಾ ನೋಟನ್ನು ಗೊತ್ತಿದ್ದೂ ಯಾರೂ ಆಸೆಪಟ್ಟು ಇಸ್ಕೊಳ್ಳುವುದಿಲ್ಲ, ನಕಲಿ ಮಾಲನ್ನು ಖುಷಿಯಾಗಿ ಉಟ್ಟುಕೊಳ್ಳುತ್ತೇವೆ. ಪೆಟ್ಟು ಬೀಳುವುದು ಅಸಲಿ ನೇಯುವವರಿಗೆ.

ಸೀರೆ ಬಿಡು, ನಿನ್ನ ಅಂಗಡಿಯ ಬೆಲ್ಲಕ್ಕೆ ಬರೋಣ. ಕೆಲವು ಆಲೆಮನೆಗಳಲ್ಲಿ ಸಕ್ಕರೆ ಬೆರೆಸಿ, ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತೆಗೆಯುತ್ತಾರೆ. ಗಿರಾಕಿ ಆ ಹಳದಿ ಅಚ್ಚನ್ನೇ ಕೇಳುತ್ತಾನೆ. ಬರೀ ಕಬ್ಬಿನ ಹಾಲು ಕಾಯಿಸಿ ಕಂದು ಬೆಲ್ಲ ಮಾಡಿದವನಿಗೆ ರೇಟು ಸಿಗುವುದಿಲ್ಲ. ಆಮೇಲೆ ಅವನೂ ಹೈಡ್ರೋಸ್ ಹಾಕಬೇಕು, ಇಲ್ಲ ಆಲೆಮನೆ ಮುಚ್ಚಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೇ ಕಾರುಗಳ ಬಗ್ಗೆ ಇದನ್ನೇ ಬರೆದ. ಕೊಳ್ಳುವವನಿಗೆ ಒಳ್ಳೆಯದು, ಕೆಟ್ಟದ್ದು ಗುರುತಿಸಲು ಆಗದಿದ್ದರೆ ಒಳ್ಳೇ ಮಾಲು ಮಾರುಕಟ್ಟೆ ಬಿಟ್ಟು ಹೋಗುತ್ತದೆ ಅಂತ. 2001ರಲ್ಲಿ ನೊಬೆಲ್ ಬಂತು. ಮಂಡ್ಯದ ಆಲೆಮನೆಯವರನ್ನು ಕೇಳಿದ್ದರೆ ಅವರೂ ಹೇಳುತ್ತಿದ್ದರು.

ದೀಪಾವಳಿಗೆ ಬಂದಾಗ ನಿನ್ನ ಅಂಗಡಿಯಲ್ಲಿ ನೋಡಿದ್ದೆ ಪುಟ್ಟಾ, ಮುಂದುಗಡೆ ಜೋಡಿಸಿದ್ದೆಲ್ಲ ಹಳದಿ ಅಚ್ಚು. ಒಳಗಡೆ ಚೀಲದಲ್ಲಿ ಕಂದು ಬೆಲ್ಲ ಇತ್ತಲ್ಲ, ಮನೆಗೆ ಅಂತ ಇಟ್ಟುಕೊಂಡಿದ್ದು, ಅದರಲ್ಲಿ ನನಗೂ ಎರಡು ಅಚ್ಚು ಎತ್ತಿಡು. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ.