ಸರಕು ಟ್ರೈಲರನ್ನು ಕ್ಯಾಂಪರ್ ಮಾಡುವುದು: ಮಲೆನಾಡಿನ ತೇವಕ್ಕೆ ಏನು ಪರಿಹಾರ?

ತೀರ್ಥಹಳ್ಳಿಯಿಂದ ಪ್ರಶ್ನೆ:
ಹತ್ತು ಅಡಿಯ ಮುಚ್ಚಿದ ಸರಕು ಟ್ರೈಲರೊಂದನ್ನು ಇಬ್ಬರು ಮಲಗಬಹುದಾದ ಕ್ಯಾಂಪರ್ ಆಗಿಸಬೇಕೆಂದಿದ್ದೇನೆ. ಆದರೆ ಆಷಾಢದ ಬೆಳಗಿನಲ್ಲಿ ನಮ್ಮ ಅಡಿಕೆ ಕೊಟ್ಟಿಗೆಯ ತಗಡಿನ ಒಳಮೈಯಿಂದಲೇ ನೀರು ತೊಟ್ಟಿಕ್ಕುವುದನ್ನು ಕಂಡಿರುವುದರಿಂದ, ಹಾಸಿಗೆಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಸಾಗರದಿಂದ ಉತ್ತರ:
ಅದು ಸೋರಿಕೆಯಲ್ಲ, ಗಾಳಿಯ ತೇವ ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗುವುದು. ಟ್ರೈಲರಿನಲ್ಲಿ ನಿಮ್ಮ ಉಸಿರೂ ಅದಕ್ಕೆ ಸೇರುತ್ತದೆ. ತಗಡಿಗೆ ಎಡೆಯಿಲ್ಲದಂತೆ ಫೋಮ್ ಹಾಳೆ ಅಂಟಿಸಿ, ಕೆಳಗೊಂದು ಗಾಳಿಕಿಂಡಿಯನ್ನೂ ಚಾವಣಿಯಲ್ಲಿ 12 ವೋಲ್ಟಿನ ಫ್ಯಾನನ್ನೂ ಇರಿಸಿ. ಹಾಸಿಗೆಯ ಕೆಳಗೆ ಇಡೀ ಹಲಗೆ ಬೇಡ, ಎಡೆ ಬಿಟ್ಟ ಮರದ ಪಟ್ಟಿಗಳಿರಲಿ.

ಶಿವಮೊಗ್ಗದಿಂದ ಉತ್ತರ:
ತೇವಕ್ಕಿಂತ ತೂಕದ ಚಿಂತೆ ದೊಡ್ಡದು. ಒಟ್ಟು ಭಾರದ ಶೇ. 10ರಿಂದ 15ರಷ್ಟು, ಎಳೆಯುವ ವಾಹನಕ್ಕೆ ಸಿಕ್ಕಿಸುವ ಮುಂಬದಿಯ ಕೊಕ್ಕೆಯ ಮೇಲೆ ಬೀಳದಿದ್ದರೆ ಟ್ರೈಲರ್ ಓಲಾಡತೊಡಗುತ್ತದೆ. ಆಗುಂಬೆ ಘಾಟಿಯ ಇಳಿಜಾರಿನಲ್ಲಿ ಅದು ಆಟವಲ್ಲ. ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಅನ್ವಯಿಸುವುದರಿಂದ, ಗರಗಸ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿರಿ.

ತೀರ್ಥಹಳ್ಳಿಯಿಂದ:
ನೀರಿನ ಟ್ಯಾಂಕಿಗೆ ಹಿಂಬದಿಯಲ್ಲಿ ಸೀಮೆಸುಣ್ಣದ ಗುರುತು ಹಾಕಿದ್ದೆ. ಈಗಷ್ಟೇ ಅಳಿಸಿ ಬಂದೆ.