ಬಟಾಣಿ ಎಲೆಯ ಬುಡದ ಆ ಅಗಲ ಜೋಡಿಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗಾಗಿ ಬಟಾಣಿ ಗಿಡದ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ, ಒಂದು ಪದ ಬೇಕಾಗಿದೆ.

ಬಟಾಣಿಯ ಒಂದು ಗೆಣ್ಣನ್ನು ಹಿಡಿದು ನೋಡಿ. ಎಲೆಯ ಕಾವು ಕಾಂಡಕ್ಕೆ ಸೇರುವ ಕಡೆ ಎರಡು ಅಗಲವಾದ ಹಸಿರು ಭಾಗಗಳು ಕಾಂಡವನ್ನು ಅಪ್ಪಿಕೊಂಡಿರುತ್ತವೆ. ಅಲ್ಲಿಂದ ಮುಂದೆ ಜೋಡಿ ಜೋಡಿ ಕಿರುಎಲೆಗಳು, ತುದಿಯಲ್ಲಿ ಕಡ್ಡಿ ತಾಗಿದರೆ ಸುತ್ತಿಕೊಳ್ಳುವ ದಾರದಂಥ ಎಳೆಗಳು. ಇಷ್ಟೂ ಸೇರಿ ಒಂದೇ ಎಲೆ! ಆ ದಾರಗಳೂ ರೂಪ ಬದಲಿಸಿದ ಕಿರುಎಲೆಗಳೇ. ನಮ್ಮ ಎರೆ ಹೊಲದ ಕಡಲೆಗೂ ಇಂಥದ್ದೇ ಕಿರುಎಲೆಗಳಿವೆ, ಆದರೆ ದಾರ ಇಲ್ಲ, ಹಾಗಾಗಿ ಅದು ಏನನ್ನೂ ಹಿಡಿದು ಹತ್ತುವುದಿಲ್ಲ.

ತೊಡಕು ಇರೋದು ಬುಡದ ಆ ಜೋಡಿಯಲ್ಲಿ. ಬಟಾಣಿಯಲ್ಲಿ ಅವು ಕಿರುಎಲೆಗಿಂತ ದೊಡ್ಡವು, ಮಕ್ಕಳು ಅವನ್ನೇ ಎಲೆ ಅಂತಾರೆ. 'ವೃಂತಪತ್ರ' ಅಂದರೆ ಮಕ್ಕಳಿಗೆ ತಲೆಗೆ ಹೋಗಲ್ಲ. 'ಕಾವಿನೆಲೆ' ಸುಲಭ, ಆದರೆ ಕಾವಿನ ಮೇಲೆ ಇರೋದು ಕಿರುಎಲೆ ತಾನೆ, ಅದನ್ನೇ ಹೇಳಿದಂತಾಗುತ್ತದೆ. 'ಬುಡದೆಲೆ' ಅಂದರೆ ಗಿಡದ ಬುಡದಲ್ಲಿರುವ ಎಲೆ ಅಂದುಕೊಳ್ಳುತ್ತಾರೆ. ಸದ್ಯಕ್ಕೆ 'ಬುಡಜೋಡಿ' ಅಂತ ಬರೆದಿದ್ದೇನೆ, ಅದರಲ್ಲಿ ಎಲೆ ಅನ್ನೋ ಮಾತೇ ಇಲ್ಲದ್ದು ನನಗೆ ಇಷ್ಟವಾಯಿತು.

ಸುಮ್ನೆ ಹೆಸರಿನ ಹಟ ಅಲ್ಲ ಇದು. ಕೆಲವು ಬಟಾಣಿ ತಳಿಗಳಲ್ಲಿ ಕಿರುಎಲೆಗಳೆಲ್ಲ ದಾರಗಳಾಗಿಬಿಟ್ಟಿರುತ್ತವೆ, ಗಿಡಗಳು ಒಂದನ್ನೊಂದು ಹಿಡಿದುಕೊಂಡು ನೆಟ್ಟಗೆ ನಿಲ್ಲುತ್ತವೆ. ಅಂಥ ಗಿಡಕ್ಕೆ ಆಹಾರ ತಯಾರಿಸುವ ಕೆಲಸದಲ್ಲಿ ದೊಡ್ಡ ಪಾಲು ಈ ಬುಡಜೋಡಿಯದೇ. ಇದನ್ನು ಎಲೆ ಅಂದುಬಿಟ್ಟರೆ ಅಲ್ಲಿ ಏನು ಬದಲಾಗಿದೆ ಅಂತ ಮಕ್ಕಳಿಗೆ ಹೇಗೆ ತಿಳಿಸೋದು? ಪಾಠದಲ್ಲಿ ಬಟಾಣಿ ಅಂದರೆ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬರುತ್ತವೆ ಅಂತ ಬಟಾಣಿ ಬೆಳೆಸಿ ನೋಡಿದ ವಿಜ್ಞಾನಿ ಮೆಂಡೆಲ್, ಕಾಳು ದುಂಡಗೋ ಸುಕ್ಕೋ, ಅಷ್ಟೇ. 1866ರಲ್ಲಿ ಅವರು ಪ್ರಕಟಿಸಿದ 7 ಗುಣಗಳಲ್ಲಿ ಎಲೆಯ ಆಕಾರ ಸೇರಿಲ್ಲ, ಹಾಗಾಗಿ ಎಲೆಯ ಕಡೆ ಯಾರೂ ಜಾಸ್ತಿ ನೋಡುವುದಿಲ್ಲ.

ಇನ್ನೊಂದು ಪದ ಆ ದಾರದ್ದು. 'ಲತಾತಂತು' ಬೇಡ. 'ನುಲಿಬಳ್ಳಿ' ಚೆನ್ನಾಗಿದೆ, ಆದರೆ ಬಳ್ಳಿ ಅಂದರೆ ನಮ್ಮಲ್ಲಿ ಇಡೀ ಗಿಡ, 'ಕುಡಿ' ಅಂದರೆ ಚಿಗುರಿನ ತುದಿ. ಬರೀ 'ನುಲಿ' ಸಾಕಾ? ಹೀರೆ, ಹಾಗಲದಲ್ಲಿ ಅದು ಎಲೆಯ ತುದಿಯಿಂದ ಬರದೆ ಗೆಣ್ಣಿನಲ್ಲಿ ಎಲೆಯ ಪಕ್ಕದಿಂದ ಹೊರಡುತ್ತದೆ. ಆದರೂ ಎರಡಕ್ಕೂ ಒಂದೇ ಹೆಸರು ಇರಲಿ ಅನ್ನಿಸುತ್ತದೆ, ಮಾಡುವ ಕೆಲಸ ಒಂದೇ ಅಲ್ವಾ.

ರಾಯಚೂರು, ಬಳ್ಳಾರಿ ಕಡೆ ಹಿತ್ತಲಲ್ಲಿ ಹೀರೆ ಹಬ್ಬಿಸುವವರು ಈ ದಾರಕ್ಕೆ ಏನಂತಾರೆ? ಮನೆಯಲ್ಲಿ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ತಿಳಿಸಿ.